ಉಪ್ಪುಂಡ ಮನೆಯ ಋಣ

ಕಳೆದ ತಿಂಗಳು ಈ ಪುಟಗಳಲ್ಲಿ ಮನೆಯ ಆಯವ್ಯಯವನ್ನು ಕುರಿತು ನಾಲ್ಕು ಮಾತು ಬರೆದಿದ್ದೆವು. ಆಯಕ್ಕೆ ಮೂಲ ಸಂಬಳ. ಸಂಬಳಕ್ಕೆ ಮೂಲ ಉದ್ಯೋಗ. ಆದುದರಿಂದ ಈ ಸಲ ಉದ್ಯೋಗದ ವಿಚಾರವನ್ನೇ ಎತ್ತಿಕೊಂಡಿರುವೆವು. ಇದಕ್ಕೆ ಪ್ರೇರಕರಾದವರು ನಮ್ಮ ನೆರೆಮನೆಯ ರಾಯರು.

ರಾಯರು ಬೆಂಗಳೂರಿನ ಸರ್ಕಾರೀ ಕಾರ್ಖಾನೆಯೊಂದರಲ್ಲಿ 1978ರಲ್ಲಿ ಸೇರಿ, 35 ವರ್ಷ ದುಡಿದು, ನಿವೃತ್ತರಾದ ಮೇಲೆ ಮೈಸೂರಿಗೆ ಬಂದು ನೆಲಸಿದವರು. ಅವರ ನಡುಮನೆಯ ಗೋಡೆಯ ಮೇಲೆ ಒಂದು ಗಡಿಯಾರವಿದೆ. 25 ವರ್ಷಗಳ ಸೇವೆಯನ್ನು ಮೆಚ್ಚಿ ಕಾರ್ಖಾನೆಯವರು ಕೊಟ್ಟುದು. ಮನೆಗೆ ಬಂದವರು ಅದರ ಕಡೆ ಕಣ್ಣೆತ್ತಿದರೆ ಸಾಕು, ರಾಯರಿಗೆ ಆನಂದ. ಅಂತಹವರು ಒಂದು ಸಂಜೆ ಮುಖ ಬಾಡಿಸಿಕೊಂಡು ನಮ್ಮ ಜಗಲಿಗೆ ಬಂದು ಕುಳಿತರು.

“ನೋಡಿ ಸ್ವಾಮಿ, ನಮ್ಮ ಹುಡುಗ ಮತ್ತೆ ರಾಜೀನಾಮೆ ಕೊಡುತ್ತಾನಂತೆ. ಹನ್ನೊಂದು ವರ್ಷಕ್ಕೆ ಇದು ಮೂರನೆಯದು. ಕಂಪೆನಿಯವರು ಕೆಲಸ ಕಲಿಸಿದರು, ಪರದೇಶಕ್ಕೆ ಕಳುಹಿಸಿದರು, ಅವರಮ್ಮನಿಗೆ ಕಾಯಿಲೆಯಾದಾಗ ಕೇಳಿದಷ್ಟು ರಜ ಕೊಟ್ಟರು. ಉಪ್ಪುಂಡ ಮನೆಗೆ ಎರಡು ಬಗೆಯಬಹುದೆ? ನೀವಾದರೂ ಅವನಿಗೆ ಬುದ್ಧಿ ಹೇಳಿ” ಎಂದರು.

ಹುಡುಗನೆಂದರೆ ಮೂವತ್ಮೂರು ವಯಸ್ಸಿನ ಗೃಹಸ್ಥ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರು. ಹಬ್ಬಕ್ಕೆಂದು ಊರಿಗೆ ಬಂದಿದ್ದನು. ತಂದೆಯ ಎದುರಿನಲ್ಲಿ ಅವನು ಬಾಯಿ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಾಡಲು ಹೋದಾಗ ನಮ್ಮೊಡನೆ ಮನಸ್ಸು ಬಿಚ್ಚಿ ಮಾತನಾಡಿದನು.

“ಸಂಬಳದ ಆಸೆಯಿಲ್ಲವೆಂದರೆ ಸುಳ್ಳಾಗುತ್ತದೆ ಮಾಮ. ಹೊರಗಿನಿಂದ ಹೊಸದಾಗಿ ಬಂದವನಿಗೆ ನನಗಿಂತ ಹೆಚ್ಚು ಕೊಡುತ್ತಾರೆ. ಇದ್ದವನಿಗೆ ವರ್ಷಕ್ಕೊಮ್ಮೆ ಚೂರುಪಾರು ಸೇರಿಸುತ್ತಾರೆ. ಅದನ್ನೂ ಸಹಿಸಿಕೊಳ್ಳಬಹುದು. ಆದರೆ ಐದು ವರ್ಷದಿಂದ ನಾನು ಪರದೇಶದ ಒಂದು ವಿಮಾ ಕಂಪೆನಿಯ ಕೋಬಾಲ್ ಪ್ರೋಗ್ರಾಮುಗಳಿಗೆ ತೇಪೆ ಹಾಕುತ್ತಿದ್ದೇನೆ. ಅವನ್ನು ಬರೆದದ್ದು ನಾನು ಹುಟ್ಟುವುದಕ್ಕೆ ಮುಂಚೆ. ಬೇರೆ ಕೆಲಸ ಕೊಡಿ ಎಂದು ಮೂರು ಸಲ ಕೇಳಿದೆ. ಗಿರಾಕಿಗೆ ನೀನೇ ಬೇಕು, ನಿನ್ನನ್ನು ಬಿಟ್ಟುಕೊಡಲಾರೆವು ಎಂದರು. ಇನ್ನು ಐದು ವರ್ಷ ಇಲ್ಲೇ ಇದ್ದರೆ ನನಗೆ ಬೇರೆ ಯಾರೂ ಕೆಲಸ ಕೊಡುವುದಿಲ್ಲ.”

ಸ್ವಲ್ಪ ದೂರ ಸುಮ್ಮನೆ ನಡೆದು ಅವನೇ ಮತ್ತೆ ಹೇಳಿದನು: “ಹೋದ ವರ್ಷ ನಮ್ಮ ಪಕ್ಕದ ತಂಡದ ಹಿರಿಯರೊಬ್ಬರನ್ನು ಕಳುಹಿಸಿಬಿಟ್ಟರು. ಹದಿನಾರು ವರ್ಷ ಒಂದೇ ಕಡೆ ಇದ್ದವರು. ಬೆಳಿಗ್ಗೆ ಕರೆದು ಅರ್ಧ ಗಂಟೆಯಲ್ಲಿ ಮಾತು ಮುಗಿಸಿ, ಲ್ಯಾಪ್‌ಟಾಪನ್ನೂ ಗುರುತಿನ ಚೀಟಿಯನ್ನೂ ಇಸಿದುಕೊಂಡರು. ಹೆಂಡತಿಗೆ ಹೇಗೆ ಹೇಳುವುದೆಂದು ತಿಳಿಯದೆ ಅವರು ಸಂಜೆಯವರೆಗೆ ಪಾರ್ಕಿನಲ್ಲಿ ಕುಳಿತಿದ್ದರಂತೆ. ಇದನ್ನು ಅಪ್ಪನಿಗೆ ಹೇಳಲಾರೆ ಮಾಮ. ಹೇಳಿದರೆ ಅವರು ರಾತ್ರಿಯೆಲ್ಲ ನಿದ್ರೆ ಮಾಡುವುದಿಲ್ಲ.”

ಓದುಗರೆ, ಮಗನನ್ನು ಕೃತಘ್ನನೆಂದು ತಿಳಿದು ತಂದೆ ಕೊರಗುತ್ತಿರುವನು; ತನ್ನ ಭಯವನ್ನು ತಂದೆಗೆ ತಿಳಿಸಲಾರದೆ ಮಗನು ಮೌನವಾಗಿರುವನು. ಇಂದು ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಇದೇ ಸ್ಥಿತಿ. ಇಬ್ಬರಲ್ಲಿ ಯಾರು ಸರಿ ಎಂದು ಹೇಳುವುದಕ್ಕೆ ಮುಂಚೆ ಇಬ್ಬರ ಕಾಲವನ್ನೂ ತುಸು ವಿಚಾರಿಸುವುದು ಯುಕ್ತ.

ರಾಯರ ನಿಷ್ಠೆ ಬರಿಯ ಸ್ವಭಾವದಿಂದ ಬಂದುದಲ್ಲ. ಅದಕ್ಕೆ ತಕ್ಕ ಏರ್ಪಾಡೂ ಇದ್ದಿತು. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಹೆಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹುಟ್ಟಿಕೊಂಡುವು. ಅವು ಸಂಬಳ ಕೊಟ್ಟು ಸುಮ್ಮನಾಗಲಿಲ್ಲ. ವಸತಿಗೃಹ, ಮಕ್ಕಳಿಗೆ ಶಾಲೆ, ಆಸ್ಪತ್ರೆ, ಕ್ಯಾಂಟೀನು, ಹೋಗಿಬರಲು ಬಸ್ಸು ಇವೆಲ್ಲವನ್ನೂ ಒದಗಿಸಿದುವು. ತಪ್ಪು ಮಾಡದವನನ್ನು ಹೊರಗೆ ಕಳುಹಿಸುವ ಮಾತೇ ವಿರಳ. ನೌಕರನು ತನ್ನ ಆಯುಷ್ಯವನ್ನು ಕೊಟ್ಟನು. ಕಾರ್ಖಾನೆ ಅವನಿಗೆ ನಿಶ್ಚಿಂತೆಯನ್ನು ಕೊಟ್ಟಿತು. ಋಣವು ಎರಡು ಕಡೆಯಲ್ಲಿಯೂ ಇದ್ದುದರಿಂದಲೇ ಅದು ಉಳಿಯಿತು. ಆ ಕಾರ್ಖಾನೆಗಳೂ ಅಮರವಲ್ಲವೆಂಬುದು ಬೇರೆ ಮಾತು. ಮನೆಮನೆಯ ಕೈಗಡಿಯಾರವನ್ನು ಮಾಡಿಕೊಟ್ಟ ಹೆಚ್.ಎಂ.ಟಿ. ವಾಚ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು.

ಮಗನ ಉದ್ಯೋಗದ ಕಥೆ ಬೇರೆ. 1981ರಲ್ಲಿ ಏಳು ಮಂದಿ ಇಂಜಿನಿಯರುಗಳು ಹತ್ತು ಸಾವಿರ ರೂಪಾಯಿನ ಮೂಲಧನದಿಂದ ಇನ್ಫೋಸಿಸ್ ಸಂಸ್ಥೆಯನ್ನು ಪುಣೆಯಲ್ಲಿ ಆರಂಭಿಸಿ, 1983ರಲ್ಲಿ ಬೆಂಗಳೂರಿಗೆ ತಂದರು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ಬೆಂಗಳೂರಿನಲ್ಲಿ ನೆಲೆ ಹೂಡಿತು. 1991ರ ಆರ್ಥಿಕ ಸುಧಾರಣೆಗಳ ತರುವಾಯ ಈ ಉದ್ಯೋಗವು ಹೊಳೆಯಂತೆ ಹರಿಯಿತು. 1994ರಲ್ಲಿ ಇನ್ಫೋಸಿಸ್ ತನ್ನ ನೌಕರರಿಗೆ ಕಂಪೆನಿಯ ಷೇರುಗಳಲ್ಲಿ ಪಾಲು ಕೊಡುವ ಕ್ರಮವನ್ನು ಆರಂಭಿಸಿತು. ದುಡಿಯುವವನೂ ಒಡೆತನದಲ್ಲಿ ಭಾಗಿಯಾದನು. ಸಂಸ್ಥೆ ಬೆಳೆದಂತೆ ಅವನೂ ಬೆಳೆದನು. ಅದು ಈ ಉದ್ಯೋಗದ ಎಳೆಯ ಪ್ರಾಯ.

ಆದರೆ ಈ ವ್ಯಾಪಾರದ ಸ್ವರೂಪವನ್ನು ಗೃಹಸ್ಥರು ತಿಳಿದಿರಬೇಕು. ಇಲ್ಲಿ ಕೆಲಸವು ಪರದೇಶದ ಗಿರಾಕಿಯಿಂದ ಬರುವುದು. ಒಂದು ಪ್ರಾಜೆಕ್ಟು ಮುಗಿದು ಇನ್ನೊಂದು ಸಿಕ್ಕುವವರೆಗೆ ನೌಕರನು ಕೆಲಸವಿಲ್ಲದೆ ಕಾಯುವುದಕ್ಕೆ ‘ಬೆಂಚಿನ ಮೇಲಿರುವುದು’ ಎಂದು ಹೆಸರು. ಆಗಲೂ ಸಂಬಳ ಬರುವುದು. ಆದರೆ ಬಹುಕಾಲ ಅಲ್ಲಿ ಕೂರುವವನಿಗೆ ಎದೆ ಡವಗುಟ್ಟುವುದು. ಗಿರಾಕಿಯ ಬೇಡಿಕೆ ಏರಿದರೆ ಕಂಪೆನಿಗಳು ಒಬ್ಬರ ಕೆಲಸಗಾರನನ್ನು ಇನ್ನೊಬ್ಬರು ಸೆಳೆದುಕೊಳ್ಳುವರು; ಇಳಿದರೆ ಇದ್ದವರನ್ನೇ ಕಡಿಮೆ ಮಾಡುವರು. 2022ರ ಮಾರ್ಚಿಗೆ ಕೊನೆಗೊಂಡ ಹನ್ನೆರಡು ತಿಂಗಳುಗಳಲ್ಲಿ ಇನ್ಫೋಸಿಸ್ಸಿನಿಂದ ತಾವಾಗಿಯೇ ಬಿಟ್ಟುಹೋದವರು ನೂರಕ್ಕೆ 27.7. ಎರಡೇ ವರ್ಷಗಳ ಮೇಲೆ, 2024ರ ಮಾರ್ಚಿಯಲ್ಲಿ, ಅದೇ ಲೆಕ್ಕ ನೂರಕ್ಕೆ 12.6ಕ್ಕೆ ಇಳಿಯಿತು. ಎರಡು ವರ್ಷದಲ್ಲಿ ಜನರ ನಿಷ್ಠೆ ಇಮ್ಮಡಿಯಾಯಿತೆ? ಹಾಗಲ್ಲ, ಹೊರಗಿನ ಬಾಗಿಲುಗಳು ಮುಚ್ಚಿಕೊಂಡುವು, ಅಷ್ಟೆ. 2025ರ ಜುಲೈಯಲ್ಲಿ, ದೇಶದಲ್ಲಿಯೇ ಬಹು ದೊಡ್ಡದಾದ ಟಿ.ಸಿ.ಎಸ್. ಸಂಸ್ಥೆ ತನ್ನ ನೌಕರರಲ್ಲಿ ನೂರಕ್ಕೆ ಎರಡರಷ್ಟು, ಎಂದರೆ 12,000ಕ್ಕೂ ಹೆಚ್ಚು ಮಂದಿಯನ್ನು, ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಕಾಲಕ್ಕೆ ತಕ್ಕಂತೆ ಬಿಡುವುದೂ ಬಿಡಿಸುವುದೂ ಇಲ್ಲಿಯ ನಡಾವಳಿ. ಹೀಗಿರುವಲ್ಲಿ ಒಂದು ಕಡೆಯವರಿಗೆ ಮಾತ್ರ ನಿಷ್ಠೆಯನ್ನು ಬೋಧಿಸುವುದು ನ್ಯಾಯವಾಗಲಾರದು.

ಹಾಗಾದರೆ ಮನುಷ್ಯನು ಕೆಲಸದಲ್ಲಿ ನಿಲ್ಲುವುದು ಯಾವುದರಿಂದ? ಈ ಪ್ರಶ್ನೆಯನ್ನು ವಿದ್ವಾಂಸರು ಬಹುಕಾಲದಿಂದ ವಿಚಾರಿಸಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವನ ಸಂಗಡಿಗರು ಪಿಟ್ಸ್‌ಬರ್ಗಿನ ಕಡೆಯ ಸುಮಾರು 200 ಮಂದಿ ಇಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಕಂಡು, ನಿಮಗೆ ಕೆಲಸದಲ್ಲಿ ಬಹಳ ಸಂತೋಷವಾದುದು ಯಾವಾಗ, ಬಹಳ ಬೇಸರವಾದುದು ಯಾವಾಗ ಎಂದು ಕೇಳಿ, ಅದರ ಫಲವನ್ನು 1959ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಅವರಿಗೆ ಕಂಡುದು ವಿಚಿತ್ರ. ಬೇಸರಕ್ಕೆ ಕಾರಣವಾದುವು ಕಚೇರಿಯ ಕಟ್ಟಳೆ, ಮೇಲಧಿಕಾರಿಯ ನಡತೆ, ಸಂಬಳದ ಅನ್ಯಾಯ ಮುಂತಾದುವು. ಆದರೆ ಅವೆಲ್ಲ ಸರಿಹೋದ ಮಾತ್ರಕ್ಕೆ ಸಂತೋಷ ಹುಟ್ಟಲಿಲ್ಲ. ಸಂತೋಷವು ಹುಟ್ಟಿದುದು ಸಾಧನೆಯಿಂದ, ಇತರರ ಮೆಚ್ಚುಗೆಯಿಂದ, ಹೊಣೆಯಿಂದ, ಕೆಲಸದ ಸವಿಯಿಂದ. ಈ ಸಿದ್ಧಾಂತವನ್ನು ಆಕ್ಷೇಪಿಸಿದ ಪಂಡಿತರೂ ಉಂಟು. ಆದರೂ ಮನೆಯ ಅನುಭವಕ್ಕೆ ಇದು ದೂರವಲ್ಲ. ಸಾರಿಗೆ ಉಪ್ಪು ತಪ್ಪಿದರೆ ಊಟ ಕೆಡುವುದು. ಬರಿಯ ಉಪ್ಪಿನಿಂದ ಹೊಟ್ಟೆ ತುಂಬದು. ಸಂಬಳವೂ ಹಾಗೆಯೇ.

ಕಂಪ್ಯೂಟರಿನ ಕೆಲಸಗಾರರನ್ನೇ ವಿಶೇಷವಾಗಿ ಪರೀಕ್ಷಿಸಿದ ಕೂಗರ್ ಮತ್ತು ಝವಾಕಿ ಎಂಬಿಬ್ಬರು 1980ರಲ್ಲಿ ಇನ್ನೊಂದು ವಿಷಯವನ್ನು ಹೇಳಿದರು. ಇತರ ವೃತ್ತಿಯವರಿಗೆ ಹೋಲಿಸಿದರೆ ಈ ಜನರಿಗೆ ಹೊಸದನ್ನು ಕಲಿತು ಬೆಳೆಯಬೇಕೆಂಬ ಹಂಬಲ ಬಹಳ ಹೆಚ್ಚು. ಕೂಡಿ ಕಲೆತು ಹರಟಬೇಕೆಂಬ ಹಂಬಲ ಕಡಿಮೆ. ರಾಯರ ಮಗನ ಮಾತು ನಮಗೆ ಆಗ ಅರ್ಥವಾಯಿತು. ಐದು ವರ್ಷ ತೇಪೆ ಹಾಕಿದ ಅವನಿಗೆ ಸಂಬಳದ ಹಸಿವಿಗಿಂತ ಕಲಿಕೆಯ ಹಸಿವು ಹೆಚ್ಚಾಗಿದ್ದಿತು. ಅದರ ಜೊತೆಗೆ, ಕಲಿಯದೆ ನಿಂತವನನ್ನು ಈ ವೃತ್ತಿ ಹಿಂದಕ್ಕೆ ಬಿಟ್ಟು ಹೋಗುವುದು. ಪ್ರೋಗ್ರಾಮನ್ನು ತಾನೇ ಬರೆಯಬಲ್ಲ ಕೃತಕ ಬುದ್ಧಿಯ ಯಂತ್ರಗಳು ಬಂದಿರುವ ಈ ದಿನಗಳಲ್ಲಿ ಆ ಭಯ ಇಮ್ಮಡಿಸಿದೆ.

ಇನ್ನೊಬ್ಬ ವಿದ್ವಾಂಸ, ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್, 1970ರಲ್ಲಿ ಹೀಗೆ ಬರೆದನು: ಸಂಸ್ಥೆಯು ಕೆಡುತ್ತಿರುವಾಗ ಅದರಲ್ಲಿರುವವನಿಗೆ ಎರಡು ದಾರಿಗಳುಂಟು, ಒಂದು ಬಿಟ್ಟುಹೋಗುವುದು, ಇನ್ನೊಂದು ದನಿಯೆತ್ತಿ ಹೇಳುವುದು. ನಿಷ್ಠೆಯೆಂಬುದು ಬಿಟ್ಟುಹೋಗುವವನ ಕಾಲನ್ನು ಸ್ವಲ್ಪ ತಡೆದು, ದನಿಗೆ ಅವಕಾಶ ಮಾಡಿಕೊಡುವುದು.

ಇದನ್ನು ರಾಯರಿಗೆ ವಿವರಿಸುತ್ತ ನಾವು ಒಂದು ಹಳೆಯ ಸಂಗತಿಯನ್ನು ಜ್ಞಾಪಿಸಿದೆವು. “ರಾಯರೆ, 1980ರ ಡಿಸೆಂಬರಿನಿಂದ 1981ರ ಮಾರ್ಚಿಯವರೆಗೆ ಬೆಂಗಳೂರಿನ ಸರ್ಕಾರೀ ಕಾರ್ಖಾನೆಗಳವರೆಲ್ಲ 77 ದಿನ ಮುಷ್ಕರ ಹೂಡಿದರಲ್ಲ, ಆಗ ತಾವೇನು ಮಾಡಿದಿರಿ?”

“ಗೇಟಿನ ಮುಂದೆ ಕುಳಿತಿದ್ದೆ” ಎಂದು ರಾಯರು ತಟಕ್ಕನೆ ಹೇಳಿದರು. “ಸಾಲ ಮಾಡಿ ಸಂಸಾರ ನಡೆಸಿದೆ.”

“ಅದು ಉಪ್ಪುಂಡ ಮನೆಗೆ ಎರಡು ಬಗೆದಂತಾಗಲಿಲ್ಲವೆ?”

“ಅದು ಹೇಗಾಗುತ್ತದೆ ಸ್ವಾಮಿ? ಕಾರ್ಖಾನೆ ನಮ್ಮದು ಎಂದೇ ಕೇಳಿದೆವು.”

ಆಗ, ಮಗನ ಒಪ್ಪಿಗೆ ಪಡೆದು, ಆ ಹದಿನಾರು ವರ್ಷದ ನೌಕರನ ವೃತ್ತಾಂತವನ್ನು ಹೇಳಿದೆವು. ರಾಯರು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, “ನಮ್ಮಲ್ಲಿ ಹೀಗೆ ಒಬ್ಬನನ್ನು ಕಳುಹಿಸಿದ್ದರೆ ಇಡೀ ಶಾಪು ಎದ್ದು ನಿಲ್ಲುತ್ತಿತ್ತು. ಇವರ ಪರವಾಗಿ ಯಾರೂ ಕೇಳಲಿಲ್ಲವೆ?” ಎಂದರು. ಕರ್ನಾಟಕದಲ್ಲಿ ಈ ವೃತ್ತಿಯವರ ಕಾರ್ಮಿಕ ಸಂಘವೊಂದು 2017ರಲ್ಲಿ ನೋಂದಣಿಯಾದುದು ನಿಜ. ಆದರೆ ಬಹುಮಂದಿ ಇನ್ನೂ ಸಂಘದ ಹೊರಗೆಯೇ ಇರುವರು. ದನಿಯೆತ್ತಲು ಸಂಘವಿಲ್ಲದವನಿಗೆ, ಮೂರು ಸಲ ಕೇಳಿಯೂ ಉತ್ತರ ಪಡೆಯದವನಿಗೆ, ಉಳಿಯುವ ದಾರಿ ಬಾಗಿಲೊಂದೇ ಅಲ್ಲವೆ?

ಇಷ್ಟರಿಂದ ನಿಷ್ಠೆಯೇ ಸುಳ್ಳೆಂದು ತಿಳಿಯಬಾರದು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪೆನಿಯ ಅಧ್ಯಕ್ಷನು ತಾನು ವರ್ಷಗಟ್ಟಲೆ ಸುಳ್ಳು ಲೆಕ್ಕ ತೋರಿಸಿದ್ದಾಗಿ ಪತ್ರ ಬರೆದು ಒಪ್ಪಿಕೊಂಡನು. ಸುಮಾರು 50,000 ನೌಕರರು ಒಂದೇ ದಿನದಲ್ಲಿ ನಡುನೀರಿನಲ್ಲಿ ನಿಂತರು. ಯಜಮಾನನೇ ನಂಬಿಕೆಗೆ ಎರವಾಗಿದ್ದನು; ಮುಂದಿನ ತಿಂಗಳ ಸಂಬಳ ಸಂದೇಹವಾಗಿದ್ದಿತು. ಆದರೂ ಬಹುಮಂದಿ ನೌಕರರು ತಮ್ಮ ಗಿರಾಕಿಗಳ ಕೆಲಸವನ್ನು ನಿಲ್ಲಗೊಡಲಿಲ್ಲ. ಸರ್ಕಾರ ಹೊಸ ಆಡಳಿತ ಮಂಡಲಿಯನ್ನು ನೇಮಿಸಿ, ಆ ವರ್ಷದ ಏಪ್ರಿಲಿನಲ್ಲಿ ಟೆಕ್ ಮಹೀಂದ್ರ ಕಂಪೆನಿ ಅದನ್ನು ವಹಿಸಿಕೊಳ್ಳುವಂತಾಯಿತು. ಕೆಲಸವೇ ನಿಂತುಹೋಗಿದ್ದರೆ ವಹಿಸಿಕೊಳ್ಳಲು ಏನು ಉಳಿಯುತ್ತಿತ್ತು? ಆ ಜನ ನಿಷ್ಠರಾಗಿದ್ದುದು ಯಜಮಾನನಿಗಲ್ಲ. ಹಿಡಿದ ಕೆಲಸಕ್ಕೆ, ಪಕ್ಕದಲ್ಲಿ ಕುಳಿತವನಿಗೆ, ಕೊಟ್ಟ ಮಾತಿಗೆ. ನಮ್ಮ ದೃಷ್ಟಿಯಲ್ಲಿ ಉಪ್ಪಿನ ಋಣವೆಂದರೆ ಇದೇ. ಅದನ್ನು ಮೂವತ್ತೈದು ವರ್ಷ ಇದ್ದೂ ತೀರಿಸದವರುಂಟು. ಮೂರೇ ವರ್ಷದಲ್ಲಿ ತೀರಿಸಿ ಹೋಗುವವರೂ ಉಂಟು.

ಋಣ ತಪ್ಪುವ ಬಗೆಗಳನ್ನೂ ಹೇಳಬೇಕು. ಒಂದು ಕಡೆ ಸಂಬಳ ತೆಗೆದುಕೊಳ್ಳುತ್ತ ಅದೇ ವೇಳೆಯಲ್ಲಿ ಗುಟ್ಟಾಗಿ ಎದುರಾಳಿ ಕಂಪೆನಿಗೆ ದುಡಿಯುವುದು ತಪ್ಪು. ಈ ಕಾರಣಕ್ಕಾಗಿ 2022ರಲ್ಲಿ ವಿಪ್ರೋ ಸಂಸ್ಥೆ 300 ಮಂದಿಯನ್ನು ತೆಗೆದುಹಾಕಿತು. ನಾಲ್ಕು ಕಡೆ ಬರುತ್ತೇನೆಂದು ಒಪ್ಪಿ ಮೂರು ಕಡೆ ಹೇಳದೆ ಕೇಳದೆ ತಪ್ಪಿಸಿಕೊಳ್ಳುವುದು ತಪ್ಪು. ನೋಟೀಸಿನ ಅವಧಿಯಲ್ಲಿ ಕೈಕಟ್ಟಿ ಕುಳಿತು, ತಾನು ಬಲ್ಲುದನ್ನು ಮುಂದಿನವನಿಗೆ ಹೇಳಿಕೊಡದೆ ಹೋಗುವುದು ಇನ್ನೂ ದೊಡ್ಡ ತಪ್ಪು.

ಕೆಲಸ ಬದಲಾಯಿಸುವ ಮಕ್ಕಳಿರುವ ಮನೆಯವರು ಕೆಲವು ವಿಷಯಗಳನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು.

ಗ್ರಾಚ್ಯುಯಿಟಿ ಹಣವು ಸಾಮಾನ್ಯವಾಗಿ ಐದು ವರ್ಷ ಎಡೆಬಿಡದೆ ಸೇವೆ ಮಾಡಿದವರಿಗೆ, ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನದಂತೆ ಸಲ್ಲತಕ್ಕದ್ದು. 1972ರ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತೆಯ ಸಂಹಿತೆ ಜಾರಿಗೆ ಬಂದಿದೆ. ಅದರಂತೆ, ಗೊತ್ತಾದ ಅವಧಿಗೆಂದು ನೇಮಕವಾದವರಿಗೆ ಒಂದು ವರ್ಷದ ಸೇವೆ ಸಾಕು. ನಾಲ್ಕೂವರೆ ವರ್ಷಕ್ಕೆ ಹೊರಡುವವನು ಆರು ತಿಂಗಳು ತಾಳಿದರೆ ಎಷ್ಟು ಬರುವುದೆಂದು ಮೊದಲು ಲೆಕ್ಕ ಹಾಕಲಿ.

ಕೆಲಸ ಬಿಟ್ಟಾಗಲೆಲ್ಲ ಪ್ರಾವಿಡೆಂಟ್ ಫಂಡನ್ನು ತೆಗೆದು ಖರ್ಚು ಮಾಡುವುದು ಅವಿವೇಕ. 2014ರಿಂದ ಪ್ರತಿಯೊಬ್ಬ ಸದಸ್ಯನಿಗೂ ಜೀವಮಾನಕ್ಕೆಲ್ಲ ಒಂದೇ ಸಂಖ್ಯೆ ಕೊಡುವ ಏರ್ಪಾಡಿದೆ. ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಬೇಕು. ಆ ಯೋಜನೆಯ ಪಿಂಚಣಿಗೆ ಹತ್ತು ವರ್ಷದ ಸೇವೆ ಕೂಡಬೇಕೆಂಬುದನ್ನು ಮರೆಯಬಾರದು.

ಸೇರುವಾಗ ಸಹಿ ಮಾಡುವ ಕರಾರನ್ನು ಪೂರ್ತಿ ಓದಬೇಕು. ನ್ಯಾಯವಾದ ವೃತ್ತಿಯನ್ನು ಮಾಡದಂತೆ ಒಬ್ಬನನ್ನು ಕಟ್ಟಿಹಾಕುವ ಕರಾರು 1872ರ ಕರಾರು ಕಾಯಿದೆಯ 27ನೆಯ ಪ್ರಕರಣದಂತೆ ಸಾಮಾನ್ಯವಾಗಿ ಊರ್ಜಿತವಲ್ಲ. ಆದರೆ ಇಂತಿಷ್ಟು ವರ್ಷ ಇರುತ್ತೇನೆಂದು ಒಪ್ಪಿ ನಡುವೆ ಬಿಟ್ಟರೆ ದಂಡ ತೆರುವ ಕರಾರನ್ನು, ಬ್ಯಾಂಕ್ ಅಧಿಕಾರಿಯೊಬ್ಬನ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು 2025ರ ಮೇ ತಿಂಗಳಿನಲ್ಲಿ ಎತ್ತಿಹಿಡಿದಿದೆ.

ಕಂಪೆನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದೊಡನೆಯೇ ಮುಗಿಯುವುದು. ಆದುದರಿಂದ ಮನೆಗೆಂದೇ ಬೇರೆ ವಿಮೆಯಿರಲಿ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ. ಬರಲಿರುವ ಹೆಚ್ಚಿನ ಸಂಬಳವನ್ನು ನಂಬಿ ಇಂದೇ ದೊಡ್ಡ ಮನೆಯ ಸಾಲ ಮಾಡಬೇಡಿ. ನಾವು ಕಂಡಂತೆ, ಕೆಲಸ ಹೋದವನನ್ನು ಹೆಚ್ಚು ಹೆದರಿಸುವುದು ಹಸಿವಲ್ಲ, ತಿಂಗಳ ಕಂತು.

ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. ಹೆಣ್ಣು ಕೊಡುವಾಗ, ತರುವಾಗ ನಾವು ಮೊದಲು ಕೇಳುವುದು ಯಾವ ಕಂಪೆನಿ, ಎಷ್ಟು ಸಂಬಳ ಎಂದು. ಮಾಡುವ ಕೆಲಸವೇನು, ಅದರಲ್ಲಿ ಸುಖವಿದೆಯೆ ಎಂದು ಕೇಳುವುದೇ ಇಲ್ಲ. ಹೆಚ್ಚಿನ ಸಂಬಳಕ್ಕೆ ಓಡಿದರೆಂದು ಆಮೇಲೆ ಮಕ್ಕಳನ್ನು ನಿಂದಿಸುವುದು ನಮಗೆ ಶೋಭಿಸದು. ಸೊಸೆಯೂ ದುಡಿಯುತ್ತಿದ್ದರೆ ಅವಳ ಕೆಲಸದ ಬೇಸರವನ್ನೂ ಅಷ್ಟೇ ಆದರದಿಂದ ಕೇಳಬೇಕು.

ರಾಯರ ಮಗನು ಕಡೆಗೆ ರಾಜೀನಾಮೆ ಕೊಟ್ಟನು. ನೋಟೀಸಿನ ಅವಧಿ ತೊಂಬತ್ತು ದಿನ. ಅದರಲ್ಲಿ ಹತ್ತು ದಿನ ಮೈಸೂರಿನ ಮನೆಯಿಂದಲೇ ಕೆಲಸ ಮಾಡಿದನು. ರಾತ್ರಿ ಊಟವಾದ ಮೇಲೆ, ತನ್ನ ಸ್ಥಾನಕ್ಕೆ ಬಂದ ಚಿಕ್ಕ ವಯಸ್ಸಿನ ಹೆಣ್ಣುಮಗಳೊಬ್ಬಳಿಗೆ ಫೋನಿನಲ್ಲಿ ಆ ಹಳೆಯ ಪ್ರೋಗ್ರಾಮುಗಳ ಮರ್ಮವನ್ನು ಒಂದೊಂದಾಗಿ ಹೇಳಿಕೊಡುತ್ತಿದ್ದನು. ಎಲ್ಲಿ ಕೈಯಿಟ್ಟರೆ ಏನು ಕೆಡುವುದು, ವರ್ಷದ ಕೊನೆಯಲ್ಲಿ ಯಾವ ಲೆಕ್ಕ ತಪ್ಪುವುದು ಎಂಬುದನ್ನೆಲ್ಲ ಬರೆಸುತ್ತಿದ್ದನು. ರಾಯರು ನಡುಮನೆಯ ಗಡಿಯಾರದ ಕೆಳಗೆ ಕುಳಿತು ಕೇಳುತ್ತಿದ್ದರು. ವಿಷಯವೇನೂ ಅವರಿಗೆ ತಿಳಿಯದು. ಧ್ವನಿ ಮಾತ್ರ ತಿಳಿಯುವುದು. ಹೊಸ ಹುಡುಗರಿಗೆ ಯಂತ್ರವನ್ನು ತೋರಿಸಿಕೊಡುವಾಗ ಅವರದೂ ಅದೇ ಧ್ವನಿಯಾಗಿದ್ದಿರಬೇಕು.

ಮೊನ್ನೆ ನಮ್ಮ ಜಗಲಿಗೆ ಬಂದವರು, “ಬಾಕಿ ಇಟ್ಟುಕೊಳ್ಳದೆ ಹೊರಡುತ್ತಿದ್ದಾನೆ ಸ್ವಾಮಿ” ಎಂದರು. ಆಮೇಲೆ ಸ್ವಲ್ಪ ತಡೆದು, “ಆ ಪಾರ್ಕಿನಲ್ಲಿ ಕುಳಿತಿದ್ದವರಿಗೆ ಈಗ ಕೆಲಸ ಸಿಕ್ಕಿತೇನೋ, ಹುಡುಗನನ್ನು ಕೇಳಬೇಕು” ಎಂದರು.

ತಂದೆಯು ಈಗ ಕೇಳಬಲ್ಲನು. ಮಗನು ಈಗ ಹೇಳಬಲ್ಲನು. ಉದ್ಯೋಗಗಳು ಬರುವುವು, ಹೋಗುವುವು. ಕೆಲಸ ಕಳೆದುಕೊಂಡವನು ಸಂಜೆಯವರೆಗೆ ಪಾರ್ಕಿನಲ್ಲಿ ಕೂರದೆ ನೇರವಾಗಿ ಮನೆಗೆ ಬರಬಹುದಾದಂತಹ ಮನೆಯನ್ನು ಇಟ್ಟುಕೊಳ್ಳುವುದು ನಮ್ಮ ನಿಮ್ಮೆಲ್ಲರ ಕೈಯಲ್ಲಿದೆ.